ಜಾಣ ಮಕ್ಕಳು ಯಾರ ಮನೆಯಲ್ಲಿ ಹುಟ್ಟುತ್ತಾರೆ?

(ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಗಿರಣಿ ಕಾರ್ಮಿಕರು ಹಾಗೂ ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಅಕ್ಕಿ ಗಿರಣಿಯಲ್ಲಿ, ಮರ ಕೊಯ್ಯುವ ಮಿಲ್ಲಿನಲ್ಲಿ ದಿನವಿಡೀ ದುಡಿದು ಬಂದವರೂ, ಅಂಗಡಿಯ ಬಾಗಿಲು ಹಾಕಿ ಬಂದವರೂ ಇಲ್ಲಿ ಸೇರಿದ್ದೀರಿ. ಇಂಥ ಸಭೆಗಳಲ್ಲಿ ಕೂಲಿಯ ಮಾತು, ತೆರಿಗೆಯ ಮಾತು, ಅಡಿಕೆ ಧಾರಣೆಯ ಮಾತು ಬರುವುದು ವಾಡಿಕೆ. ಈ ಹೊತ್ತು ನಾವು ಶಾಲೆಯ ಮಾತನ್ನು ಎತ್ತಿಕೊಂಡಿದ್ದೇವೆ. ಅದರಲ್ಲೂ ಮಿಕ್ಕವರಿಗಿಂತ ಬೇಗ ಕಲಿಯಬಲ್ಲ, ಮಿಕ್ಕವರಿಗಿಂತ ಆಳವಾಗಿ ಯೋಚಿಸಬಲ್ಲ ಮಕ್ಕಳ ಮಾತನ್ನು. "ಜಾಣ ಮಕ್ಕಳಿಗೇನು ಸ್ವಾಮಿ, ಅವರ ಪಾಡಿಗೆ ಅವರು ಮುಂದೆ ಬರುತ್ತಾರೆ, ಹಿಂದೆ ಬಿದ್ದವರ ಗತಿ ನೋಡಿ" ಎಂದು ನಿಮ್ಮಲ್ಲಿ ಕೆಲವರು ಅಂದುಕೊಳ್ಳುತ್ತಿರಬಹುದು. ಜಾಣ ಮಕ್ಕಳು ಅವರ ಪಾಡಿಗೆ ಅವರು ಮುಂದೆ ಬರುವುದಿಲ್ಲ ಎಂಬುದೇ ನಾವು ಇಂದು ಹೇಳಬೇಕೆಂದಿರುವ ಮಾತು. ಉಳ್ಳವರ ಮನೆಯ ಜಾಣ ಮಗುವನ್ನು ಹತ್ತು ಕೈಗಳು ಎತ್ತಿ ನಿಲ್ಲಿಸುತ್ತವೆ. ಕೂಲಿಯವನ ಮನೆಯ ಜಾಣ ಮಗುವನ್ನು ಯಾರಾದರೂ ಕಂಡರೆ ಉಂಟು, ಕಾಣದಿದ್ದರೆ ಇಲ್ಲ.

ದೂರದ ಉದಾಹರಣೆ ಬೇಡ. ನರಸಿಂಹರಾಜಪುರದ ಮೂಲದವರಾದ ಎಂ. ಕೆ. ಇಂದಿರಾ ಅವರ ಹೆಸರನ್ನು ನೀವು ಕೇಳಿದ್ದೀರಿ. 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದರು. ಮನೆ ಅನುಕೂಲವಾದ ಕೃಷಿಕರ ಮನೆ. ಆದರೂ ಹನ್ನೆರಡನೆಯ ವಯಸ್ಸಿನಲ್ಲಿ ಮದುವೆಯಾಯಿತು. ಶಾಲೆ ಅಲ್ಲಿಗೆ ಮುಗಿಯಿತು. ಆಮೇಲೆ ಅವರು ಕಾದಂಬರಿ ಬರೆಯಲು ಕುಳಿತದ್ದು ನಲವತ್ತೈದರ ಸುಮಾರಿಗೆ. 1963ರಲ್ಲಿ 'ತುಂಗಭದ್ರಾ' ಬಂತು. 1976ರಲ್ಲಿ 'ಫಣಿಯಮ್ಮ' ಬಂತು. ಬಾಲವಿಧವೆಯೊಬ್ಬಳ ಬಾಳಿನ ಆ ಕಥೆಯನ್ನು 1983ರಲ್ಲಿ ಪ್ರೇಮಾ ಕಾರಂತರು ಚಲನಚಿತ್ರ ಮಾಡಿದರು. ಮಲೆನಾಡಿನ ಹೆಂಗಸರ ಒಡಲ ಮಾತು ನಾಡಿಗೆಲ್ಲ ಕೇಳಿಸಿತು. ಒಳ್ಳೆಯದೇ ಆಯಿತು. ಆದರೆ ಲೆಕ್ಕ ಹಾಕಿ ನೋಡಿ: ಹನ್ನೆರಡರಿಂದ ನಲವತ್ತೈದರವರೆಗೆ ಮೂವತ್ತಮೂರು ವರ್ಷ. ಅಷ್ಟು ಕಾಲ ಆ ಬುದ್ಧಿ ಅಡುಗೆಮನೆಯಲ್ಲಿ ಕಾದು ಕುಳಿತಿತ್ತು. ಕಾದು ಉಳಿದದ್ದು ಆಕೆಯ ಗಟ್ಟಿತನ, ನಮ್ಮ ಅದೃಷ್ಟ. ಅದೇ ವಯಸ್ಸಿನಲ್ಲಿ ಅದೇ ಊರುಗಳಲ್ಲಿ ಶಾಲೆ ಬಿಟ್ಟ, ಗದ್ದೆಯ ಕೆಲಸಕ್ಕೋ ತೋಟದ ಕೆಲಸಕ್ಕೋ ಹೋದ ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿ ಹೀಗೆ ಕಾದು ಕಾದು ಆರಿಹೋದರೋ, ಅವರ ಲೆಕ್ಕವನ್ನು ಬರೆದಿಟ್ಟವರು ಯಾರೂ ಇಲ್ಲ.

'ಬೆಳೆಯುವ ಪೈರು ಮೊಳಕೆಯಲ್ಲಿ' ಎಂದು ಗಾದೆ. ಗಾದೆ ಸುಳ್ಳಲ್ಲ. ಆದರೆ ಮೊಳಕೆ ಕಾಣಬೇಕಾದರೆ ಬಗ್ಗಿ ನೋಡುವವನೊಬ್ಬ ಬೇಕು. ಅಡಿಕೆಯ ವಿಷಯದಲ್ಲಿ ನಮಗೆ ಆ ಕಣ್ಣಿದೆ. ಸರಕು ಯಾವುದು, ಬೆಟ್ಟೆ ಯಾವುದು, ರಾಶಿ ಯಾವುದು, ಗೊರಬಲು ಯಾವುದು ಎಂದು ಕೈಗೆತ್ತಿಕೊಂಡ ಕ್ಷಣವೇ ಹೇಳಬಲ್ಲವರು ಈ ಸಭೆಯಲ್ಲೇ ಹಲವರಿದ್ದೀರಿ. ಮಕ್ಕಳ ವಿಷಯದಲ್ಲಿ ಆ ಕಣ್ಣನ್ನು ನಾವು ಬೆಳೆಸಿಕೊಂಡಿಲ್ಲ. ಅಲ್ಲಿ ನಮಗಿರುವುದು ಒಂದೇ ತಕ್ಕಡಿ: ಅಂಕಪಟ್ಟಿ.

ಹಾಗಾದರೆ ಪ್ರತಿಭೆಯುಳ್ಳ ಮಗು ಎಂದರೆ ಯಾರು? ಹೆಚ್ಚು ಅಂಕ ತೆಗೆಯುವ ಮಗುವೆಲ್ಲ ಪ್ರತಿಭಾವಂತ ಮಗುವೆಂದು ತಿಳಿಯತಕ್ಕದ್ದಲ್ಲ. ಅಂಕ ಬಾರದ ಮಗುವೆಲ್ಲ ಮಂದಬುದ್ಧಿಯೆಂದೂ ತಿಳಿಯತಕ್ಕದ್ದಲ್ಲ. ಹೇಳಿದ್ದನ್ನು ಹೇಳಿದಂತೆ ಒಪ್ಪಿಸುವುದು ಒಂದು ಗುಣ. ಅದಕ್ಕೆ ಶ್ರದ್ಧೆ ಬೇಕು, ಮನೆಯಲ್ಲಿ ದೀಪ ಬೇಕು, ಹೊತ್ತು ಬೇಕು. ಪ್ರತಿಭೆಯ ಲಕ್ಷಣಗಳು ಬೇರೆ. ಒಂದು ಸಲ ಕೇಳಿದ್ದು ಹಿಡಿದುಬಿಡುತ್ತದೆ. ಹೇಳದೇ ಇದ್ದದ್ದನ್ನು ತಾನೇ ಊಹಿಸುತ್ತದೆ. ಎರಡು ದೂರದ ಸಂಗತಿಗಳನ್ನು ತಂದು ಒಂದಕ್ಕೊಂದು ಗಂಟುಹಾಕುತ್ತದೆ. ತನಗೆ ಹಿಡಿಸಿದ ಒಂದು ವಿಷಯದಲ್ಲಿ ಊಟ ನಿದ್ದೆ ಮರೆತು ಮುಳುಗುತ್ತದೆ, ಹಿಡಿಸದ ವಿಷಯದಲ್ಲಿ ಕಡುಸೋಮಾರಿ. ಎಲ್ಲಕ್ಕೂ ಮೇಲಾಗಿ, ಪ್ರಶ್ನೆ ಕೇಳುತ್ತದೆ.

ಎಂಥ ಪ್ರಶ್ನೆ? ತುಂಗೆ, ಭದ್ರೆ, ನೇತ್ರಾವತಿ ಮೂರೂ ಗಂಗಾಮೂಲದಲ್ಲಿ ಹುಟ್ಟುತ್ತವೆಂದು ಪಾಠ ಮಾಡುತ್ತೇವೆ. ತುಂಗೆ ಶೃಂಗೇರಿಯ ಮೇಲೆ ಹಾದು, ಭದ್ರೆ ಬಾಳೆಹೊನ್ನೂರಿನ ಮೇಲೆ ಹಾದು ಕೂಡಲಿಯಲ್ಲಿ ಒಂದಾಗುತ್ತವೆಂದು ಹೇಳುತ್ತೇವೆ. ಆಗ ಹಿಂದಿನ ಸಾಲಿನಿಂದ ಒಂದು ಮಗು, "ಸಮುದ್ರ ಪಶ್ಚಿಮಕ್ಕೆ ಇಷ್ಟು ಹತ್ತಿರ ಇರುವಾಗ ತುಂಗೆ ಭದ್ರೆ ಯಾಕೆ ಪೂರ್ವಕ್ಕೆ ಓಡಿದವು? ನೇತ್ರಾವತಿ ಒಬ್ಬಳೇ ಯಾಕೆ ಪಶ್ಚಿಮಕ್ಕೆ ಹೋದಳು?" ಎಂದು ಕೇಳಿದರೆ, ಅದು ತಲೆಹರಟೆ ಅಲ್ಲ. ಘಟ್ಟದ ನೆತ್ತಿ ಎಲ್ಲಿದೆ, ನೆಲ ಯಾವ ಕಡೆಗೆ ವಾಲಿದೆ ಎಂಬ ಭೂಗೋಳದ ಮೂಲಸೂತ್ರವನ್ನೇ ಆ ಮಗು ಮುಟ್ಟಿದೆ. "ಕುಳಿತುಕೋ, ಪರೀಕ್ಷೆಗೆ ಅದು ಬರುವುದಿಲ್ಲ" ಎಂದು ಎರಡು ಸಲ ಕೇಳಿಸಿಕೊಂಡ ಮಗು ಮೂರನೆಯ ಸಲ ಕೈ ಎತ್ತುವುದಿಲ್ಲ. ನಾಲ್ಕನೆಯ ತಿಂಗಳಿಗೆ ಅದು ಕಿಟಕಿಯಾಚೆ ನೋಡಲು ಕಲಿತಿರುತ್ತದೆ. ಆಮೇಲೆ ನಾವೇ ಅದಕ್ಕೆ 'ಲಕ್ಷ್ಯವಿಲ್ಲ' ಎಂದು ಹೆಸರಿಡುತ್ತೇವೆ.

ಇದು ಉಪಾಧ್ಯಾಯರ ಮೇಲೆ ತಪ್ಪು ಹೊರಿಸುವ ಮಾತಲ್ಲ. ನಮ್ಮ ಮೂರು ತಾಲ್ಲೂಕುಗಳ ಹಳ್ಳಿ ಶಾಲೆಗಳಲ್ಲಿ ಒಬ್ಬಿಬ್ಬರು ಉಪಾಧ್ಯಾಯರೇ ಎಲ್ಲ ತರಗತಿಗಳನ್ನೂ ನೋಡಿಕೊಂಡು, ಬಿಸಿಯೂಟದ ಲೆಕ್ಕ ಬರೆದು, ಚುನಾವಣೆ ಗಣತಿಗಳ ಕೆಲಸವನ್ನೂ ಮಾಡಬೇಕಾದ ಪರಿಸ್ಥಿತಿ ನಿಮಗೆ ತಿಳಿದದ್ದೇ. ಅಂಥವರ ಕಣ್ಣು ಸಹಜವಾಗಿ ಎಲ್ಲಿಗೆ ಹೋಗುತ್ತದೆ? ತೊಂದರೆ ಕೊಡದ, ಶುಭ್ರವಾಗಿ ಬಂದ, ಅಕ್ಷರ ಅಂದವಾಗಿರುವ, ಸ್ಪಷ್ಟವಾಗಿ ಮಾತನಾಡುವ ಮಗುವಿನ ಕಡೆಗೆ. ಪ್ರತಿಭಾ ಕಾರಂಜಿಯ ವೇದಿಕೆಗೆ ಹತ್ತುವುದೂ ಬಹುಮಟ್ಟಿಗೆ ಅದೇ ಮಗು. ವೇದಿಕೆ ಹತ್ತಿದ ಮಗುವಿಗೆ ಚಪ್ಪಾಳೆ ಸಲ್ಲಲಿ, ನಮ್ಮ ಆಕ್ಷೇಪವಿಲ್ಲ. ಹತ್ತದ ಮಗುವಿನ ಪ್ರಶ್ನೆ ನಮ್ಮದು.

ಒಬ್ಬರ ಕಣ್ಣನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಹೊರದೇಶದಿಂದ ಎರಡು ಪಾಠಗಳಿವೆ. 1921ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲೂಯಿಸ್ ಟರ್ಮನ್ ಎಂಬ ಮನಶ್ಶಾಸ್ತ್ರಜ್ಞರು ಬಹು ಬುದ್ಧಿವಂತ ಮಕ್ಕಳನ್ನು ಆರಿಸಲು ಹೊರಟರು. ಮೊದಲು ಉಪಾಧ್ಯಾಯರಿಂದ ಹೆಸರು ಪಡೆದು, ಬಳಿಕ ಬುದ್ಧಿಪರೀಕ್ಷೆ ಮಾಡಿ, ಸುಮಾರು 1,500 ಮಕ್ಕಳನ್ನು ಆರಿಸಿ ಜೀವಮಾನವಿಡೀ ಅವರ ಬೆಳವಣಿಗೆ ಗಮನಿಸಿದರು. ಆ ಮಕ್ಕಳಲ್ಲಿ ಹಲವರು ಒಳ್ಳೆಯ ಸ್ಥಾನಗಳಿಗೆ ಬಂದರು. ಆದರೆ ಅಂಕ ಸಾಲದೆಂದು ಬಿಟ್ಟುಬಿಟ್ಟ ಇಬ್ಬರು ಹುಡುಗರಿದ್ದರು: ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವರೆಜ್. ಇಬ್ಬರೂ ಭೌತಶಾಸ್ತ್ರದಲ್ಲಿ ನೊಬೆಲ್ ಬಹುಮಾನ ಪಡೆದರು, ಒಬ್ಬರು 1956ರಲ್ಲಿ, ಇನ್ನೊಬ್ಬರು 1968ರಲ್ಲಿ. ಆರಿಸಿದ ಗುಂಪಿನಲ್ಲಿ ಒಬ್ಬರಿಗೂ ಆ ಬಹುಮಾನ ಬರಲಿಲ್ಲ. ಒಂದೇ ಜರಡಿಯನ್ನು ಹಿಡಿದು ಒಂದೇ ಸಲ ಜರಡಿ ಹಿಡಿದರೆ ಕಾಳೂ ಕೆಳಗೆ ಬೀಳುತ್ತದೆ ಎಂಬುದು ಮೊದಲನೆಯ ಪಾಠ.

ಎರಡನೆಯದು ನಮಗೆ ಇನ್ನೂ ಮುಖ್ಯ. ಅಮೆರಿಕದ ಫ್ಲಾರಿಡಾ ರಾಜ್ಯದ ಬ್ರೋವರ್ಡ್ ಎಂಬ ಜಿಲ್ಲೆಯಲ್ಲಿ ಉಪಾಧ್ಯಾಯರೋ ತಂದೆತಾಯಿಗಳೋ ಹೆಸರು ಸೂಚಿಸಿದ ಮಕ್ಕಳನ್ನು ಮಾತ್ರ ಪ್ರತಿಭಾವಂತರ ವರ್ಗಕ್ಕೆ ಪರೀಕ್ಷಿಸುವ ಪದ್ಧತಿ ಇತ್ತು. 2005ರಲ್ಲಿ ಅದನ್ನು ಬದಲಾಯಿಸಿ, ಎರಡನೆಯ ತರಗತಿಯ ಎಲ್ಲ ಮಕ್ಕಳಿಗೂ ಒಂದು ಚಿಕ್ಕ ಪರೀಕ್ಷೆಯನ್ನು, ಭಾಷೆಯ ಹಂಗಿಲ್ಲದ ಚಿತ್ರವಿನ್ಯಾಸಗಳ ಪರೀಕ್ಷೆಯನ್ನು, ಕೊಡಲಾಯಿತು. ಡೇವಿಡ್ ಕಾರ್ಡ್ ಮತ್ತು ಲಾರಾ ಜ್ಯೂಲಿಯಾನೋ ಎಂಬ ಅರ್ಥಶಾಸ್ತ್ರಜ್ಞರು 2016ರಲ್ಲಿ ಇದರ ಫಲವನ್ನು ಪ್ರಕಟಿಸಿದರು. ಆಯ್ಕೆಯಾದ ಕರಿಯ ಜನಾಂಗದ ಮಕ್ಕಳ ಪ್ರಮಾಣ ನೂರಕ್ಕೆ ಎಂಬತ್ತರಷ್ಟು ಏರಿತ್ತು. ಸ್ಪ್ಯಾನಿಷ್ ಮೂಲದ ಮಕ್ಕಳ ಪ್ರಮಾಣ ನೂರಕ್ಕೆ ನೂರಮೂವತ್ತರಷ್ಟು ಏರಿತ್ತು. ಮಕ್ಕಳು ಹೊಸಬರಲ್ಲ. ಅದೇ ಕೇರಿ, ಅದೇ ಬೆಂಚು. ಹಿಂದೆ ಅವರ ಕಡೆ ಯಾರೂ ನೋಡಿರಲಿಲ್ಲ, ಅಷ್ಟೇ. ಮುಂದೆ ಹಣದ ಕೊರತೆಯೆಂದು ಆ ಪರೀಕ್ಷೆಯನ್ನು ಮೊಟಕು ಮಾಡಿದಾಗ ಹಳೆಯ ಅಂತರವೂ ಹಿಂದಿರುಗಿತು. ನೋಡುವವರು ಕಣ್ಣು ಮುಚ್ಚಿಕೊಂಡರೆ ಮಕ್ಕಳು ಮತ್ತೆ ಕಾಣದಾಗುತ್ತಾರೆ.

ಪರೀಕ್ಷೆಯೆಂಬುದು ನಮ್ಮ ಭಾಷೆಗೆ ಬಾರದ ವಸ್ತುವೇನೂ ಅಲ್ಲ. 1905ರಲ್ಲಿ ಪ್ಯಾರಿಸಿನಲ್ಲಿ ಆಲ್ಫ್ರೆಡ್ ಬಿನೆ ಅವರು ಮೊದಲ ಬುದ್ಧಿಪರೀಕ್ಷೆಯನ್ನು ಮಾಡಿದ್ದು ಸಹಾಯ ಬೇಕಾದ ಮಕ್ಕಳನ್ನು ಹುಡುಕುವುದಕ್ಕಾಗಿ. ಅದನ್ನು ವಿ. ವಿ. ಕಾಮತರು ಮುಂಬಯಿ-ಕರ್ನಾಟಕದ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದುವಂತೆ ಮಾರ್ಪಡಿಸಿ 1940ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಬಿನೆ–ಕಾಮತ್ ಪರೀಕ್ಷೆಯೆಂಬ ಹೆಸರಿನಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ಅಂದರೆ ಉಪಕರಣ ಇತ್ತು, ಕನ್ನಡದಲ್ಲೇ ಇತ್ತು. ಅದು ಹಳ್ಳಿಯ ಶಾಲೆಯ ಬಾಗಿಲಿಗೆ ಬರಲಿಲ್ಲ.

ಇನ್ನು ವರ್ತಕ ಮಿತ್ರರಿಗೆ ಒಂದು ಮಾತು. ಬ್ರೆಜಿಲ್ ದೇಶದ ರೆಸೀಫೆ ಪಟ್ಟಣದಲ್ಲಿ ಬೀದಿಯಲ್ಲಿ ತೆಂಗಿನಕಾಯಿ, ಹಣ್ಣು ಮಾರುತ್ತಿದ್ದ ಮಕ್ಕಳನ್ನು ಮೂವರು ಸಂಶೋಧಕರು ಗಿರಾಕಿಗಳಂತೆ ಮಾತನಾಡಿಸಿ ಲೆಕ್ಕ ಕೇಳಿದರು. ನೂರಕ್ಕೆ ತೊಂಬತ್ತೆಂಟು ಉತ್ತರ ಸರಿ. ಅದೇ ಲೆಕ್ಕಗಳನ್ನು ಕಾಗದದ ಮೇಲೆ ಶಾಲೆಯ ರೀತಿಯಲ್ಲಿ ಕೊಟ್ಟಾಗ ಸರಿಯಾದದ್ದು ನೂರಕ್ಕೆ ಮೂವತ್ತೇಳು. ಇದು ಪ್ರಕಟವಾದದ್ದು 1985ರಲ್ಲಿ. ದೆಹಲಿ ಮತ್ತು ಕೋಲ್ಕತ್ತದ ಸಂತೆಗಳಲ್ಲಿ ದುಡಿಯುವ ಮಕ್ಕಳ ಮೇಲೆ ನಡೆದ, 2025ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಹೇಳಿತು. ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿತು: ಶಾಲೆಯ ಲೆಕ್ಕದಲ್ಲಿ ಮುಂದಿದ್ದ ಮಕ್ಕಳು ಸಂತೆಯ ಲೆಕ್ಕದಲ್ಲಿ ತಡವರಿಸಿದರು.

ಇದರ ಅರ್ಥವೇನು? ಸಂತೆಯ ದಿನ ಅಪ್ಪನ ಪಕ್ಕದಲ್ಲಿ ನಿಂತು, ಮುಕ್ಕಾಲು ಕಿಲೋ ಈರುಳ್ಳಿ, ಕಾಲು ಕಿಲೋ ಮೆಣಸಿನಕಾಯಿ, ಐನೂರರ ನೋಟಿಗೆ ಚಿಲ್ಲರೆ ಎಂದು ಬಾಯಲ್ಲೇ ಲೆಕ್ಕ ಮುಗಿಸುವ ಹುಡುಗಿಯನ್ನು ನೀವು ದಿನವೂ ನೋಡುತ್ತೀರಿ. ಅದೇ ಹುಡುಗಿ ಗಣಿತದಲ್ಲಿ ಹಿಂದೆ ಎಂದು ಅವಳ ಅಂಕಪಟ್ಟಿ ಹೇಳುತ್ತಿರಬಹುದು. ಅವಳ ಉಪಾಧ್ಯಾಯರಿಗೆ ಅಂಗಡಿಯಲ್ಲಿ ನಿಂತ ಅವಳು ಗೊತ್ತಿಲ್ಲ. ನಿಮಗೆ ತರಗತಿಯಲ್ಲಿ ಕುಳಿತ ಅವಳು ಗೊತ್ತಿಲ್ಲ. ಎರಡು ಅರ್ಧ ಸತ್ಯಗಳು ಸೇರಿದಾಗಲೇ ಆ ಮಗು ಪೂರ್ತಿಯಾಗಿ ಕಾಣುತ್ತದೆ. ಮಗುವನ್ನು ಶಾಲೆ ಬಿಡಿಸಿ ಗಲ್ಲದ ಮೇಲೆ ಕೂರಿಸುವುದಕ್ಕೆ ಇದು ಸಮರ್ಥನೆಯಾಗತಕ್ಕದ್ದಲ್ಲ. ಶಾಲೆಗೆ ಹೋಗಿ, "ಮೇಷ್ಟ್ರೇ, ಈ ಹುಡುಗಿ ನಮ್ಮ ಅಂಗಡಿಯಲ್ಲಿ ಹೀಗೆ ಲೆಕ್ಕ ಮಾಡುತ್ತಾಳೆ, ಒಮ್ಮೆ ಬಾಯಿಲೆಕ್ಕ ಕೇಳಿ ನೋಡಿ" ಎಂದು ಹೇಳುವ ಕರ್ತವ್ಯ ನಿಮ್ಮದು.

ಭಾಷೆಯ ಪರದೆಯೊಂದಿದೆ. ನಮ್ಮ ತೋಟಗಳ ಲೈನು ಮನೆಗಳಲ್ಲಿ ತುಳು, ತಮಿಳು, ಮಲೆಯಾಳ, ಕೊಂಕಣಿ ಮಾತನಾಡುವ ಮಕ್ಕಳಿದ್ದಾರೆ; ಈಚೆಗೆ ಉತ್ತರದಿಂದ, ಅಸ್ಸಾಮಿನಿಂದ ಬಂದ ಕೂಲಿಕಾರರ ಮಕ್ಕಳೂ ಇದ್ದಾರೆ. ಅಂಥ ಮಗು ಮೊದಲ ಒಂದೆರಡು ವರ್ಷ ತರಗತಿಯಲ್ಲಿ ಬಾಯಿ ಬಿಡದೆ ಕೂತರೆ ನಾವು ಪೆದ್ದು ಎಂದುಬಿಡುತ್ತೇವೆ. ಮನೆಯಲ್ಲೊಂದು, ಕೇರಿಯಲ್ಲೊಂದು, ಶಾಲೆಯಲ್ಲೊಂದು ಭಾಷೆಯನ್ನು ಏಳನೆಯ ವಯಸ್ಸಿಗೇ ನಿಭಾಯಿಸುತ್ತಿರುವ ಮಗು ಪೆದ್ದೇ? ಮೂರು ಭಾಷೆಯ ದೊಡ್ಡವರನ್ನು ನಾವು ಪಂಡಿತರೆಂದು ಸನ್ಮಾನಿಸುತ್ತೇವೆ!

ಗುರುತಿಸುವುದು ಅರ್ಧ ಕೆಲಸ. ಅರ್ಥಮಾಡಿಕೊಳ್ಳುವುದು ಉಳಿದರ್ಧ. ಮಗು ಜಾಣನೆಂದು ತಿಳಿದೊಡನೆ ನಾವು ಮಾಡುವ ತಪ್ಪುಗಳು ಒಂದೆರಡಲ್ಲ. ನೆಂಟರ ಮುಂದೆ ನಿಲ್ಲಿಸಿ ಪ್ರದರ್ಶನ ಮಾಡಿಸುತ್ತೇವೆ. ಎಲ್ಲದರಲ್ಲೂ ಮೊದಲು ಬರಬೇಕೆಂದು ಹಟ ಹಿಡಿಯುತ್ತೇವೆ. ಒಂದರಲ್ಲಿ ಬುದ್ಧಿ ಓಡುವ ಮಗುವಿಗೆ ಇನ್ನೊಂದರಲ್ಲಿ ಕಷ್ಟವಿರಬಹುದು ಎಂಬುದನ್ನು ಮರೆಯುತ್ತೇವೆ. ಶ್ರೀನಿವಾಸ ರಾಮಾನುಜನ್ನರ ಕಥೆ ಜ್ಞಾಪಿಸಿಕೊಳ್ಳಿ. ಕುಂಭಕೋಣದ ಕಾಲೇಜಿನಲ್ಲಿ ಗಣಿತವೊಂದನ್ನೇ ಹಿಡಿದು ಕೂತು ಮಿಕ್ಕ ವಿಷಯಗಳಲ್ಲಿ ನಪಾಸಾದರು, ವಿದ್ಯಾರ್ಥಿವೇತನ ಹೋಯಿತು. 1912ರಲ್ಲಿ ಮದರಾಸು ಬಂದರಿನ ಕಚೇರಿಯಲ್ಲಿ ಗುಮಾಸ್ತರಾದರು. ಮರುವರ್ಷ ಕೇಂಬ್ರಿಡ್ಜಿನ ಹಾರ್ಡಿಯವರಿಗೆ ಬರೆದ ಕಾಗದವನ್ನು ಆ ಮನುಷ್ಯ ಪಕ್ಕಕ್ಕೆಸೆಯದೆ ಕುಳಿತು ಓದಿದ್ದರಿಂದ ಲೋಕಕ್ಕೆ ರಾಮಾನುಜನ್ ದೊರೆತರು. 1918ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು, 1920ರಲ್ಲಿ ತೀರಿಕೊಂಡರು. ಎಲ್ಲ ವಿಷಯದಲ್ಲೂ ಪಾಸಾದರೆ ಮಾತ್ರ ಅನ್ನ ಎಂಬ ನಿಯಮ ಎಂಥವರನ್ನು ಹೊರಗೆ ನಿಲ್ಲಿಸಬಲ್ಲದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಅರ್ಥಮಾಡಿಕೊಳ್ಳುವುದೆಂದರೆ ಬರೀ ಹೊಗಳುವುದಲ್ಲ, ದಾರಿ ತೋರುವುದು. ಇದಕ್ಕೂ ನಮ್ಮ ಸೀಮೆಯದೇ ನಿದರ್ಶನವಿದೆ. ಕುವೆಂಪು ಹುಟ್ಟಿದ್ದು 1904ರಲ್ಲಿ ಇದೇ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಬೆಳೆದದ್ದು ತೀರ್ಥಹಳ್ಳಿಯ ಕುಪ್ಪಳಿಯಲ್ಲಿ. ಮೈಸೂರಿಗೆ ಓದಲು ಹೋದ ಹುಡುಗ ಮೊದಲು ಬರೆದದ್ದು ಇಂಗ್ಲಿಷ್ ಕವಿತೆ. 1922ರಲ್ಲಿ ಆ ಪುಸ್ತಕವೂ ಅಚ್ಚಾಯಿತು. ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ಆತ ತನ್ನ ಕವಿತೆಗಳನ್ನು ತೋರಿಸಿದಾಗ, ನಿನ್ನ ಭಾಷೆಯಲ್ಲಿ ಏಕೆ ಬರೆಯಬಾರದು ಎಂದು ಅವರು ಕೇಳಿದರು. ಬೆನ್ನು ತಟ್ಟಿ ಕಳುಹಿಸಿದ್ದರೆ ಹುಡುಗನಿಗೆ ಸಂತೋಷವಾಗುತ್ತಿತ್ತು, ಕನ್ನಡಕ್ಕೆ ನಷ್ಟವಾಗುತ್ತಿತ್ತು. ಮುಂದೆ ಟಿ. ಎಸ್. ವೆಂಕಣ್ಣಯ್ಯನವರಂಥ ಗುರು ದೊರೆತರು. 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯವನ್ನು ಶಿಷ್ಯ ಅವರಿಗೇ ಅರ್ಪಿಸಿದರು. ಕಂಡವರೊಬ್ಬರು, ತಿಳಿದವರೊಬ್ಬರು, ಓದಿಸಲು ಶಕ್ತಿಯಿದ್ದ ಮನೆಯೊಂದು ಇದ್ದುದರಿಂದ ಆ ಪ್ರತಿಭೆ ಬೆಳೆಯಿತು. ಈ ಮೂರರಲ್ಲಿ ಮೂರೂ ಇಲ್ಲದ ಮಗುವಿಗೆ ಅವನ್ನು ಒದಗಿಸಬೇಕಾದದ್ದು ಸಮಾಜ.

ಈಗ ಸರ್ಕಾರ ತೆರೆದಿರುವ ಬಾಗಿಲುಗಳನ್ನು ನೋಡೋಣ. ಬಾಗಿಲುಗಳಿವೆ, ಅವು ಎಲ್ಲಿವೆಯೆಂದು ನಮ್ಮ ಜನಕ್ಕೆ ತಿಳಿಯದಿರುವುದೇ ದೊಡ್ಡ ಕೊರತೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ದೇಶದಲ್ಲಿ ಹರಡಿದ ನವೋದಯ ವಿದ್ಯಾಲಯಗಳ ಪೈಕಿ ಚಿಕ್ಕಮಗಳೂರು ಜಿಲ್ಲೆಯದು ನಮ್ಮ ನರಸಿಂಹರಾಜಪುರ ತಾಲ್ಲೂಕಿನಲ್ಲೇ, ಬಾಳೆಹೊನ್ನೂರಿನ ಬಳಿಯ ಸೀಗೋಡಿನಲ್ಲಿದೆ. ಐದನೆಯ ತರಗತಿಯಲ್ಲಿ ಓದುತ್ತಿರುವ ಮಗು ಪರೀಕ್ಷೆ ಬರೆಯಬಹುದು. ಎರಡು ಗಂಟೆ, 80 ಪ್ರಶ್ನೆ. ಅದರಲ್ಲಿ ಅರ್ಧ ಪಾಲು ಪುಸ್ತಕದ ಪಾಠಕ್ಕೆ ಸೇರದ, ಬುದ್ಧಿಶಕ್ತಿಯ ಚಿತ್ರಪ್ರಶ್ನೆಗಳು. ಕನ್ನಡದಲ್ಲೇ ಬರೆಯಬಹುದು. ನೂರಕ್ಕೆ ಎಪ್ಪತ್ತೈದಕ್ಕೆ ಕಡಮೆಯಿಲ್ಲದಷ್ಟು ಸ್ಥಾನಗಳು ಹಳ್ಳಿಯ ಮಕ್ಕಳಿಗೆ, ಮೂರನೆಯ ಒಂದು ಭಾಗ ಹೆಣ್ಣುಮಕ್ಕಳಿಗೆ. ಊಟ ವಸತಿ ಉಚಿತ. ಆದರೆ ಒಂದು ಮಗುವಿಗೆ ಒಂದೇ ಅವಕಾಶ. ಆ ವರ್ಷ ತಪ್ಪಿದರೆ ತಪ್ಪಿತು.

ಎಂಟನೆಯ ತರಗತಿಯಲ್ಲಿ ಇನ್ನೊಂದು ಬಾಗಿಲು. 2008ರಲ್ಲಿ ಆರಂಭವಾದ ಎನ್.ಎಂ.ಎಂ.ಎಸ್. ವಿದ್ಯಾರ್ಥಿವೇತನ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ, ಮನೆಯ ವಾರ್ಷಿಕ ವರಮಾನ ಮೂರೂವರೆ ಲಕ್ಷ ಮೀರದಿದ್ದರೆ, ಪರೀಕ್ಷೆಯ ಆಧಾರದ ಮೇಲೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ. ಗಿರಣಿ ಕಾರ್ಮಿಕನ ಮಗಳು ಎಂಟರ ಬಳಿಕ ಶಾಲೆ ಬಿಡದೆ ಉಳಿಯುವುದಕ್ಕೆ ತಿಂಗಳಿಗೆ ಸಾವಿರ ರೂಪಾಯಿ ಸಣ್ಣ ಊರುಗೋಲಲ್ಲ. ಎಲ್ಲ ಬಾಗಿಲುಗಳೂ ತೆರೆದೇ ಇರುತ್ತವೆಂದು ಮಾತ್ರ ನಂಬಬೇಡಿ. 1963ರಲ್ಲಿ ಆರಂಭವಾಗಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆದ ರಾಷ್ಟ್ರೀಯ ಪ್ರತಿಭಾನ್ವೇಷಣೆ ಪರೀಕ್ಷೆಯನ್ನು 2021ರಲ್ಲಿ ನಿಲ್ಲಿಸಲಾಯಿತು. ಬೀದಿಯಲ್ಲಿ ಒಂದು ಘೋಷಣೆಯೂ ಕೇಳಿಬರಲಿಲ್ಲ. ಬಸ್ಸು ನಿಂತರೆ ಗಲಾಟೆ ಮಾಡುವ ನಾವು ಇದಕ್ಕೆ ಸುಮ್ಮನಿದ್ದೆವು.

ಈ ಬಾಗಿಲುಗಳ ಮಿತಿಯನ್ನೂ ಹೇಳಬೇಕು. ಸೀಗೋಡಿನ ವಿದ್ಯಾಲಯ ವರ್ಷಕ್ಕೆ ಇಡೀ ಜಿಲ್ಲೆಯಿಂದ ತೆಗೆದುಕೊಳ್ಳುವುದು 80 ಮಕ್ಕಳನ್ನು. ಎಂಬತ್ತೊಂದನೆಯ ಮಗುವಿನ ಬುದ್ಧಿ ಅಲ್ಲಿಗೆ ಮುಗಿಯಿತೇ? ಪರೀಕ್ಷೆಗೆ ಹಣ ಕೊಟ್ಟು ತರಬೇತಿ ಪಡೆದ ಮಗುವಿಗೂ, ಅರ್ಜಿಯ ಕೊನೆಯ ದಿನಾಂಕವೇ ತಿಳಿಯದ ಮಗುವಿಗೂ ನಡುವೆ ನಡೆಯುವುದು ಬುದ್ಧಿಯ ಪೈಪೋಟಿಯೇ? ಅಲ್ಲದೆ, ನಾಲ್ಕು ಜಾಣ ಮಕ್ಕಳನ್ನು ಎತ್ತಿ ಬೇರೆಡೆ ಇಟ್ಟು, ಉಳಿದ ಶಾಲೆಯನ್ನು ಅದರ ಪಾಡಿಗೆ ಬಿಡುವುದು ನ್ಯಾಯವಲ್ಲ. ಮಗು ಇರುವ ಶಾಲೆಯಲ್ಲೇ ಅದಕ್ಕೆ ಮೇವು ಸಿಗಬೇಕು.

ಅದು ಸಾಧ್ಯವೇ? ಸಾಧ್ಯ. ಮಲೆನಾಡಿನ ಚಿಕ್ಕ ಶಾಲೆಯನ್ನು ಹಾಳು ಶಾಲೆಯೆಂದು ಹಳಿಯುವುದು ವಾಡಿಕೆಯಾಗಿದೆ. ಆದರೆ ಎರಡನೆಯ ತರಗತಿಯ ಮಗು ನಾಲ್ಕನೆಯವರ ಪಾಠಕ್ಕೆ ಕಿವಿಗೊಡಬಹುದಾದ ಶಾಲೆ ಅದೊಂದೇ. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ನಲಿ-ಕಲಿ ಪದ್ಧತಿಯ ಮರ್ಮವೂ ಇದೇ: ಪ್ರತಿ ಮಗುವೂ ತನ್ನ ನಡಿಗೆಯಲ್ಲಿ ಕಲಿಕೆಯ ಏಣಿ ಏರಬಹುದು, ಬೇಗ ಏರುವವರನ್ನು ತಡೆಯಬೇಕಾಗಿಲ್ಲ. ಬೇಕಾದದ್ದು ಸಾಕಷ್ಟು ಉಪಾಧ್ಯಾಯರು, ಕಪಾಟಿನ ಬೀಗ ತೆಗೆದ ಪುಸ್ತಕಗಳು, ಮಳೆಗಾಲದಲ್ಲಿ ಹಳ್ಳ ದಾಟಲು ಒಂದು ಗಟ್ಟಿ ಕಾಲುಸಂಕ. ಬೇಗ ಮುಗಿಸಿದ ಮಗುವಿಗೆ ಅದೇ ಲೆಕ್ಕವನ್ನು ಇನ್ನೂ ಹತ್ತು ಸಲ ಮಾಡೆಂದು ಹೇಳುವುದು ಶಿಕ್ಷೆ. ಇನ್ನೊಂದು ಕಠಿಣವಾದ ಲೆಕ್ಕ ಕೊಡುವುದು ಶಿಕ್ಷಣ. ಇದಕ್ಕೆ ದುಡ್ಡು ಬೇಕಾಗಿಲ್ಲ.

ಸಮಾನತೆಯ ಮಾತಾಡುವವರು ಜಾಣರ ಪರವಾಗಿ ಭಾಷಣ ಮಾಡಬಹುದೇ ಎಂದು ಕೇಳುವವರುಂಟು. ಎಲ್ಲರನ್ನೂ ಒಂದೇ ಅಳತೆಗೆ ಕತ್ತರಿಸುವುದು ಸಮಾನತೆಯಲ್ಲ. ಬೇಲಿ ಕತ್ತರಿಸುವವನ ಕೆಲಸ ಅದು. ಯಾವ ಮನೆಯಲ್ಲಿ ಹುಟ್ಟಿದರೂ ತನ್ನಲ್ಲಿರುವುದನ್ನು ಬೆಳೆಸಿಕೊಳ್ಳುವ ಅವಕಾಶ ಎಲ್ಲರಿಗೂ ಇರಬೇಕೆಂಬುದು ಸಮಾನತೆ. 'ಪ್ರತಿಭೆ' ಎಂಬ ಮಾತನ್ನು ಕೆಲವರು ತಮ್ಮ ಮನೆತನದ ಆಸ್ತಿಯೆಂಬಂತೆ ಬಳಸುವುದನ್ನು ನಾವು ಬಹಳ ಕಾಲದಿಂದ ಕೇಳುತ್ತಿದ್ದೇವೆ. ಜಾತಿ ನೋಡಿ, ದುಡ್ಡು ನೋಡಿ, ಗಂಡು ಹೆಣ್ಣೆಂದು ನೋಡಿ ಪ್ರತಿಭೆ ಹುಟ್ಟುವುದಿಲ್ಲ. ಅವನ್ನೆಲ್ಲ ನೋಡಿ ಹುಟ್ಟುವುದು ಪ್ರತಿಭೆಗೆ ಸಿಗುವ ಮನ್ನಣೆ. ಆ ಮಾತನ್ನು ಅವರ ಕೈಯಿಂದ ಬಿಡಿಸಿಕೊಳ್ಳುವ ದಾರಿ ಒಂದೇ: ನಮ್ಮ ಕೇರಿಗಳಲ್ಲಿ ಅದನ್ನು ಹುಡುಕಿ ತೋರಿಸುವುದು.

ನಮ್ಮಲ್ಲೇ ಇರುವ ಒಂದು ಅಡ್ಡಿಯನ್ನೂ ಹೇಳಿ ಮುಂದುವರಿಯುತ್ತೇವೆ. 'ಹಿತ್ತಲ ಗಿಡ ಮದ್ದಲ್ಲ' ಎಂಬ ಬುದ್ಧಿ ನಮಗಿದೆ. ಧಣಿಯ ಮಗ ಪ್ರಶ್ನೆ ಕೇಳಿದರೆ ಚೂಟಿ. ನಮ್ಮ ಮಗ ಕೇಳಿದರೆ ಅಧಿಕಪ್ರಸಂಗ. ಹೆಣ್ಣುಮಗಳು ಪುಸ್ತಕ ಹಿಡಿದು ಮೂಲೆ ಸೇರಿದರೆ ಮನೆಗೆಲಸಕ್ಕೆ ಸೋಮಾರಿ. ಹೀಗೆ ಕೇಳಿಸಿಕೊಂಡ ಹುಡುಗಿಯರು ತಮಗೆ ಗೊತ್ತಿರುವುದನ್ನೂ ಗೊತ್ತಿಲ್ಲವೆಂದು ಬಚ್ಚಿಡಲು ಕಲಿಯುತ್ತಾರೆ. ಸರ್ಕಾರವನ್ನು ಕೇಳುವುದಕ್ಕೆ ಮುಂಚೆ ಇದನ್ನು ನಮ್ಮ ಒಲೆಯ ಮುಂದೆಯೇ ನಿಲ್ಲಿಸಬೇಕು.

ಆದುದರಿಂದ ನಾಲ್ಕು ಕೆಲಸಗಳನ್ನು ನಿಮ್ಮ ಮುಂದಿಡುತ್ತೇವೆ. ಮೊದಲನೆಯದು: 2001ರ ಸರ್ಕಾರಿ ಆದೇಶದಿಂದ ರಚನೆಯಾದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ತಂದೆತಾಯಿಗಳ ಸಮಿತಿ. ಅದರ ಸಭೆಗೆ ಕಾರ್ಮಿಕರು ಹೋಗುವುದಿಲ್ಲ, ಕೂಲಿ ತಪ್ಪುತ್ತದೆಂದು. ಸಭೆಯನ್ನು ಸಂಜೆಗೆ ಇಡಿಸಿ, ಹೋಗಿ ಕುಳಿತುಕೊಳ್ಳಿ. ಕಟ್ಟಡದ ಮಾತಿನ ಜೊತೆಗೆ ಮಕ್ಕಳ ಮಾತನ್ನೂ ಎತ್ತಿ. ಎರಡನೆಯದು: ಐದನೆಯ ಮತ್ತು ಎಂಟನೆಯ ತರಗತಿಯ ಒಂದು ಮಗುವೂ ಅರ್ಜಿ ಹಾಕದೆ ಉಳಿಯಬಾರದು. ಪ್ರತಿ ಗಿರಣಿಯಲ್ಲಿ, ಪ್ರತಿ ಅಂಗಡಿ ಬೀದಿಯಲ್ಲಿ ಅಕ್ಷರ ಬಲ್ಲವರೊಬ್ಬರು ಈ ಹೊಣೆ ಹೊರಲಿ. ಮೂರನೆಯದು: ಉಪಾಧ್ಯಾಯರು ಸೂಚಿಸಿದವರಿಗೆ ಮಾತ್ರವಲ್ಲದೆ ಮೂರೂ ತಾಲ್ಲೂಕುಗಳ ಪ್ರತಿಯೊಂದು ಮಗುವಿಗೂ, ಅದರ ಮನೆಮಾತಿಗೆ ತೊಡಕಾಗದ ರೀತಿಯಲ್ಲಿ, ಒಮ್ಮೆಯಲ್ಲ ಎರಡು ಮೂರು ಸಲ ಬುದ್ಧಿಶಕ್ತಿಯನ್ನು ನೋಡುವ ವ್ಯವಸ್ಥೆ ಆಗಬೇಕೆಂದು ಶಿಕ್ಷಣ ಇಲಾಖೆಯನ್ನು ಒತ್ತಾಯಿಸೋಣ. ನಾಲ್ಕನೆಯದು: ಎಂಟರ ನಂತರ ಹೆಣ್ಣುಮಕ್ಕಳನ್ನು ಶಾಲೆ ಬಿಡಿಸುವುದಿಲ್ಲವೆಂದು ಇಲ್ಲಿ ಕುಳಿತ ನಾವೆಲ್ಲ ನಮ್ಮ ನಮ್ಮ ಮನೆಯಿಂದಲೇ ಆರಂಭಿಸೋಣ.

ಇವೆಲ್ಲ ಆದ ಮೇಲೂ ಎಲ್ಲ ಮಕ್ಕಳೂ ಮಹಾಕವಿಗಳಾಗುವುದಿಲ್ಲ, ಗಣಿತಜ್ಞರಾಗುವುದಿಲ್ಲ. ಆಗಬೇಕಾಗಿಯೂ ಇಲ್ಲ. ಯಂತ್ರದ ಸದ್ದು ಕೇಳಿಯೇ ಕೆಟ್ಟದ್ದೆಲ್ಲಿ ಎಂದು ಹೇಳಬಲ್ಲ ಫಿಟ್ಟರನೂ, ಊರಿನ ವ್ಯಾಜ್ಯವನ್ನು ನ್ಯಾಯವಾಗಿ ಬಿಡಿಸಬಲ್ಲ ಹೆಂಗಸೂ ಪ್ರತಿಭಾವಂತರೇ. ನಾವು ಕೇಳುತ್ತಿರುವುದು ಇಷ್ಟೇ: ನಮ್ಮ ಮಕ್ಕಳು ಏನಾಗಬಲ್ಲರೆಂಬುದನ್ನು ಬಡತನ ತೀರ್ಮಾನಿಸಬಾರದು, ನಮ್ಮ ಅಲಕ್ಷ್ಯವೂ ತೀರ್ಮಾನಿಸಬಾರದು. ನಾಳೆ ಬೆಳಗ್ಗೆ ಮಗು ಚೀಲ ಹೆಗಲಿಗೇರಿಸಿ ಹೊರಟಾಗ, "ಎಷ್ಟು ಅಂಕ ಬಂತು?" ಎಂದು ಕೇಳುವ ಬದಲು, "ಇವತ್ತು ಯಾವ ಪ್ರಶ್ನೆ ಕೇಳುತ್ತೀಯ?" ಎಂದು ಕೇಳಿ. ಉತ್ತರ ಬಂದಾಗ ಕೈಲಿರುವ ಕೆಲಸ ಬಿಟ್ಟು ಎರಡು ನಿಮಿಷ ನಿಂತು ಆಲಿಸಿ. ಗುರುತಿಸುವ ಕೆಲಸ ಅಲ್ಲಿಂದ ಮೊದಲಾಗುತ್ತದೆ.